ಕಿಟಕಿ ಮುಚ್ಚುವ ಮೊದಲು

(ನಮ್ಮ ಸಂಘದ ಮಹಿಳಾ ವೇದಿಕೆಯ ಆನ್‌ಲೈನ್ ಕೂಟದಲ್ಲಿ ಆಡಿದ ಮಾತುಗಳ ಬರಹರೂಪ)

ಕ್ಯಾಮೆರಾ ಆಫ್ ಮಾಡಿ, ಫೋನನ್ನು ಡಬ್ಬಿಗೆ ಆನಿಸಿ, ರೊಟ್ಟಿ ಬಡಿಯುತ್ತ ಕೇಳುತ್ತಿರುವವರೂ ಇದ್ದೀರಿ. ನಾನೂ ಹೆಚ್ಚಿನ ತಿಂಗಳು ಹಾಗೇ ಕೇಳುವವಳು.

ಈ ಸಲ ಮಾತಾಡಬೇಕು ಎಂದು ನಮ್ಮ ಸಂಚಾಲಕಿಯವರು ಫೋನ್ ಮಾಡಿದಾಗ, "ನೀವು ಐಟಿಯವರು, ಏನಾದರೂ ಕಂಪ್ಯೂಟರ್ ವಿಷಯ ಹೇಳಿ" ಎಂದರು. ನಾನು "ಕಿಟಕಿ ಬಗ್ಗೆ ಹೇಳ್ತೀನಿ ಅಕ್ಕ" ಎಂದೆ. "ಓ, ವಿಂಡೋಸ್ ಹನ್ನೊಂದಾ?" ಎಂದರು. ಅಲ್ಲ, ಇದು ಮನೆಯ ಕಿಟಕಿ. ಚಳಿಗಾಲಕ್ಕೆ ಅದನ್ನು ಹೇಗೆ ಸಿದ್ಧ ಮಾಡಿಕೊಳ್ಳಬೇಕು ಎನ್ನುವುದು ಇವತ್ತಿನ ವಿಷಯ. ಮೂರು ವರ್ಷದ ಹಿಂದೆ ಇದೇ ಕೆಲಸವನ್ನು ನಾನು ಬಹಳ ಅಚ್ಚುಕಟ್ಟಾಗಿ ಮಾಡಿ ಒಂದು ದೊಡ್ಡ ತಪ್ಪು ಮಾಡಿದೆ. ಅದನ್ನೂ ಹೇಳುತ್ತೇನೆ. ನಿಜ ಹೇಳಬೇಕೆಂದರೆ ಅದನ್ನು ಹೇಳಲಿಕ್ಕೇ ಈ ವಿಷಯ ಆರಿಸಿಕೊಂಡೆ.

ನನ್ನ ತವರು ವಿಜಯಪುರ ಜಿಲ್ಲೆ, ಸಿಂದಗಿ ತಾಲ್ಲೂಕು. ಈಗ ಇರುವುದು ಬಿಡಕಿನ್‌ನಲ್ಲಿ. ಛತ್ರಪತಿ ಸಂಭಾಜಿನಗರದಿಂದ, ಅಂದರೆ ಮೊದಲಿನ ಔರಂಗಾಬಾದಿನಿಂದ, ಪೈಠಣಕ್ಕೆ ಹೋಗುವ ರಸ್ತೆಯಲ್ಲಿ ಬರುವ ಊರು. ಪೈಠಣಿ ಸೀರೆ ಎಂದರೆ ನಿಮಗೆಲ್ಲ ದಾರಿ ಗೊತ್ತಾಗುತ್ತದೆ! ದೆಹಲಿ-ಮುಂಬೈ ಕೈಗಾರಿಕಾ ಕಾರಿಡಾರ್‌ನಲ್ಲಿ ಶೇಂದ್ರಾ-ಬಿಡಕಿನ್ ಎಂದು ಹೆಸರು ಬಂದ ಮೇಲೆ ಜೋಳ, ಹತ್ತಿ ಬೆಳೆಯುತ್ತಿದ್ದ ಕಡೆ ಅಗಲ ರಸ್ತೆಗಳು ಬಂದಿವೆ. ನಮ್ಮವರ ಕೆಲಸ ಕಾರ್ಖಾನೆಯಲ್ಲಿ, ನನ್ನದು ಮನೆಯಿಂದಲೇ. ಎರಡನೇ ಮಹಡಿ, ಎರಡು ಬೆಡ್‌ರೂಮ್. ಸುತ್ತ ಇನ್ನೂ ಬಯಲು.

ಬಯಲು ಎಂದೆನಲ್ಲ, ಚಳಿಯ ಕತೆ ಅಲ್ಲಿಂದಲೇ ಶುರು. ಬೆಂಗಳೂರಿನ ಗೆಳತಿಯರು "ಮರಾಠವಾಡಾದಲ್ಲಿ ಎಂಥ ಚಳಿ" ಎಂದು ನಗುತ್ತಾರೆ. ಇಲ್ಲಿ ಡಿಸೆಂಬರ್-ಜನವರಿಯಲ್ಲಿ ಹಗಲು 28 ಡಿಗ್ರಿ ಆಸುಪಾಸು ಇರುತ್ತದೆ, ಸ್ವೆಟರ್ ಬೇಡ. ರಾತ್ರಿ 10-12ಕ್ಕೆ ಇಳಿಯುತ್ತದೆ. ಉತ್ತರದಿಂದ ಚಳಿಯ ಅಲೆ ಬಂದರೆ ಅದಕ್ಕೂ ಕೆಳಗೆ. ನಾಶಿಕ್ ಜಿಲ್ಲೆಯ ನಿಫಾಡ್‌ನಲ್ಲಿ ಇನ್ನೂ ಜೋರು. ಅಲ್ಲಿ ದ್ರಾಕ್ಷಿ ಬೆಳೆಗಾರರು ಬಳ್ಳಿ ಉಳಿಸಿಕೊಳ್ಳಲು ನಸುಕಿನಲ್ಲಿ ತೋಟದಲ್ಲಿ ಬೆಂಕಿ ಹಾಕುತ್ತಾರೆ. ನಮ್ಮ ಮನೆಗಳನ್ನು ಕಟ್ಟುವವರು ಮಾತ್ರ ಬೇಸಿಗೆಯನ್ನಷ್ಟೇ ನೆನಪಿಟ್ಟುಕೊಂಡು ಕಟ್ಟುತ್ತಾರೆ. ಒಂದೇ ಪದರ ಗಾಜು, ಅಲ್ಯೂಮಿನಿಯಂ ಸ್ಲೈಡಿಂಗ್, ಮುಗಿಯಿತು.

ಒಂದು ಸಣ್ಣ ಲೆಕ್ಕ ಹೇಳುತ್ತೇನೆ, ಎಂಟೆಕ್ ಮಾಡಿದ್ದಕ್ಕೆ ಅಷ್ಟಾದರೂ ಬೇಡವೇ? ಐದಡಿ-ನಾಲ್ಕಡಿಯ ಕಿಟಕಿ, ಒಂದೇ ಪದರ ಗಾಜು. ಒಳಗೆ 22 ಡಿಗ್ರಿ, ಹೊರಗೆ 12 ಎನ್ನಿ. ಆ ಗಾಜಿನ ಮೂಲಕ ಹೆಚ್ಚುಕಡಿಮೆ ನೂರು ವ್ಯಾಟ್ ಶಾಖ ಹೊರಗೆ ಹೋಗುತ್ತಲೇ ಇರುತ್ತದೆ. ಹಳೆಯ ನೂರು ವ್ಯಾಟಿನ ಬಲ್ಬು ರಾತ್ರಿಯಿಡೀ ಉರಿದಷ್ಟು. ಅಷ್ಟೇ ಅಗಲದ ಇಟ್ಟಿಗೆ ಗೋಡೆಯಿಂದ ಹೋಗುವುದು ಅದರ ಅರ್ಧಕ್ಕೂ ಕಡಿಮೆ. ಇದು ಗಾಜಿನ ಲೆಕ್ಕ ಮಾತ್ರ. ಸಂದಿನಿಂದ ನುಗ್ಗುವ ಗಾಳಿಯದು ಬೇರೆ.

ಆದ್ದರಿಂದ ಮೊದಲ ಕೆಲಸ ಸಂದು ಹುಡುಕುವುದು. ರಾತ್ರಿ ಗಾಳಿ ಇರುವಾಗ ಫ್ಯಾನು ಆರಿಸಿ, ಪರದೆ ಸರಿಸಿ, ಒಂದು ಊದಿನಕಡ್ಡಿ ಹಚ್ಚಿಕೊಂಡು ಕಿಟಕಿಯ ಚೌಕಟ್ಟಿನ ಗುಂಟ ನಿಧಾನವಾಗಿ ಹಿಡಿದು ಹೋಗಿ. ಹೊಗೆ ನೆಟ್ಟಗೆ ಏರಿದರೆ ಅಲ್ಲಿ ಸಂದಿಲ್ಲ. ಒಳಗೆ ಬಾಗಿದರೆ ಅಥವಾ ಹೊರಗೆ ಎಳೆದುಕೊಂಡರೆ ಅಲ್ಲೊಂದು ಪೆನ್ಸಿಲ್ ಗುರುತು ಹಾಕಿ. ಸ್ಲೈಡಿಂಗ್ ಕಿಟಕಿಯಲ್ಲಿ ಸಾಮಾನ್ಯವಾಗಿ ಮೂರು ಕಡೆ ಸಿಗುತ್ತದೆ. ಎರಡು ಬಾಗಿಲುಗಳು ಒಂದನ್ನೊಂದು ದಾಟುವ ನಡುವಿನ ಪಟ್ಟಿ, ಕೆಳಗಿನ ಟ್ರ್ಯಾಕ್, ಮತ್ತು ಚೌಕಟ್ಟು ಗೋಡೆಗೆ ಕೂಡುವ ಅಂಚು.

ನಡುವಿನ ಪಟ್ಟಿಯಲ್ಲೂ ಅಂಚಿನಲ್ಲೂ ಉಣ್ಣೆಯಂಥ ಸಣ್ಣ ಬ್ರಷ್ ಇರುತ್ತದೆ, ನೋಡಿದ್ದೀರಾ? ಅದು ಧೂಳು ಒರೆಸಲು ಇರುವುದಲ್ಲ, ಗಾಳಿ ತಡೆಯಲು ಇರುವುದು. ನಾಲ್ಕೈದು ವರ್ಷದಲ್ಲಿ ಸವೆದು ಬೋಳಾಗುತ್ತದೆ. ಸ್ಲೈಡಿಂಗ್ ಕೆಲಸದವರ ಹತ್ತಿರ ಆ ಬ್ರಷ್ ಪಟ್ಟಿ ಅಡಿ ಲೆಕ್ಕದಲ್ಲಿ ಸಿಗುತ್ತದೆ. ಹಳೆಯದನ್ನು ಎಳೆದು ಹೊಸದನ್ನು ಅದೇ ಗಾಡಿಯಲ್ಲಿ ತೂರಿಸಿದರೆ ಆಯಿತು. ಕಿಟಕಿ ಗಡಗಡ ಅಲುಗಾಡುತ್ತಿದ್ದರೆ ಕೆಳಗಿನ ಗಾಲಿ ಸವೆದಿದೆ ಎಂದರ್ಥ, ಅದನ್ನೂ ಬದಲಿಸಿಬಿಡಿ. ಗೋಡೆಯ ಅಂಚಿನ ಬಿರುಕಿಗೆ ಸಿಲಿಕಾನ್ ಸೀಲೆಂಟ್ ಸಾಕು. ಹಚ್ಚುವ ಮೊದಲು ಅಂಚನ್ನು ಒರೆಸಿ ಪೂರ್ತಿ ಒಣಗಿಸಿ, ಇಲ್ಲವಾದರೆ ಹಿಡಿಯುವುದಿಲ್ಲ.

ಒಂದು ಎಚ್ಚರಿಕೆ. ಕೆಳಗಿನ ಟ್ರ್ಯಾಕಿನ ಹೊರಬದಿಗೆ ಸಣ್ಣ ತೂತುಗಳಿರುತ್ತವೆ. ಅಲ್ಲಿಂದಲೂ ಗಾಳಿ ಬರುತ್ತದೆ, ಆದರೆ ಅವು ಮಳೆನೀರು ಹೊರಗೆ ಹೋಗಲು ಇರುವ ತೂತುಗಳು. ಸಿಲಿಕಾನ್ ತುಂಬಿದರೆ ಜೂನ್‌ನಲ್ಲಿ ಟ್ರ್ಯಾಕ್ ತುಂಬಿ ನೀರು ಹಾಸಿಗೆಗೆ ಇಳಿಯುತ್ತದೆ. ಹೆಚ್ಚೆಂದರೆ ಚಳಿಗಾಲದ ಮಟ್ಟಿಗೆ ಒಂದು ಸ್ಪಂಜಿನ ತುಂಡು ಇಡಿ, ಶಿವರಾತ್ರಿ ಆದ ಮೇಲೆ ತೆಗೆಯಿರಿ.

ಎರಡನೆಯದು ಪರದೆ. ತೆಳು ಪರದೆ ಕಣ್ಣಿಗೆ ಚೆಂದ, ಚಳಿಗೆ ಲೆಕ್ಕವಿಲ್ಲ. ಬೇಕಾದದ್ದು ದಪ್ಪ ಬಟ್ಟೆ. ಅದು ಗೋಡೆಗೆ ಹತ್ತಿರವಿರಬೇಕು, ಚೌಕಟ್ಟಿಗಿಂತ ಎರಡೂ ಕಡೆ ಅರ್ಧ ಅಡಿ ಅಗಲವಿರಬೇಕು, ಕಟ್ಟೆಯ ಕೆಳಗಿನವರೆಗೆ ಇಳಿದಿರಬೇಕು. ಗಾಜಿಗೂ ಬಟ್ಟೆಗೂ ನಡುವೆ ಅಲುಗಾಡದೆ ನಿಂತ ಗಾಳಿಯೇ ನಮಗೆ ಹೊದಿಕೆ. ನಮ್ಮ ಮನೆಯಲ್ಲಿ ಇದಕ್ಕೆ ಬಳಸುವುದು ಕೌದಿ. ಹೌದು, ಹಳೆಯ ಸೀರೆ, ಧೋತರ ಪದರ ಪದರವಾಗಿ ಸೇರಿಸಿ ಹೊಲಿದ ನಮ್ಮ ಉತ್ತರ ಕರ್ನಾಟಕದ ಕೌದಿ. ಬಟ್ಟೆ, ಅದರೊಳಗೆ ಗಾಳಿ, ಮತ್ತೆ ಬಟ್ಟೆ. ಮಾಲ್‌ನಲ್ಲಿ ಸಾವಿರಾರು ರೂಪಾಯಿ ಕೊಟ್ಟು ತರುವ ಥರ್ಮಲ್ ಪರದೆ ಮಾಡುವ ಕೆಲಸವೂ ಇದೇ. ಮೇಲಿನ ಅಂಚಿಗೆ ಬಟ್ಟೆಯ ಕುಣಿಕೆ ಹೊಲಿದು ರಾಡಿಗೆ ಹಾಕಿದರೆ ಆಯಿತು.

ಮೂರನೆಯದಕ್ಕೆ ದುಡ್ಡೇ ಬೇಡ. ಅದು ಸೂರ್ಯ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಡಿಸೆಂಬರ್ ಕೊನೆಗೆ ನಮ್ಮೂರಲ್ಲಿ ನಡು ಮಧ್ಯಾಹ್ನವೂ ಸುಮಾರು 47 ಡಿಗ್ರಿ ಎತ್ತರಕ್ಕಷ್ಟೇ ಏರುತ್ತಾನೆ. ಮೇ ತಿಂಗಳಲ್ಲಿ ಕಿಟಕಿಯ ಮೇಲಿನ ಸಜ್ಜಾ ತಡೆಯುವ ಬಿಸಿಲು ಈಗ ಅದರ ಕೆಳಗಿನಿಂದ ನುಗ್ಗಿ ಹಾಸಿಗೆ ಮೇಲೆ ಬೀಳುತ್ತದೆ. ಹತ್ತು ಗಂಟೆಗೆ ದಕ್ಷಿಣದ ಕಿಟಕಿಯ ಪರದೆ ಪೂರ್ತಿ ತೆರೆಯಿರಿ, ಗಾಜನ್ನೂ ಸರಿಸಿ. ಹೊರಗಿನ ಗಾಳಿ ಆಗ ಒಳಗಿಗಿಂತ ಬೆಚ್ಚಗಿರುತ್ತದೆ. ಸಂಜೆ ಐದೂವರೆಯ ಹೊತ್ತಿಗೆ, ಬಿಸಿಲು ಇಳಿಯುವ ಮೊದಲೇ, ಮುಚ್ಚಿ. ನಾವು ಸಾಮಾನ್ಯವಾಗಿ ತದ್ವಿರುದ್ಧ ಮಾಡುತ್ತೇವೆ. ಹಗಲೆಲ್ಲ ಮುಚ್ಚಿಟ್ಟು, ಚಳಿ ಒಳಗೆ ಬಂದ ಮೇಲೆ ರಾತ್ರಿ ಒಂಬತ್ತಕ್ಕೆ ಎದ್ದು ಬಾಗಿಲು ಹಾಕುತ್ತೇವೆ.

ಇಷ್ಟು ಪಾಠ. ಇನ್ನು ನನ್ನ ತಪ್ಪಿನ ಕತೆ.

ಮೂರು ವರ್ಷದ ಹಿಂದೆ ಡಿಸೆಂಬರ್‌ನಲ್ಲಿ ನನಗೆ ಎರಡನೇ ಹೆರಿಗೆ. ದೊಡ್ಡವನ ಶಾಲೆ ಇತ್ತು, ತವರಿಗೆ ಹೋಗುವಂತಿರಲಿಲ್ಲ. ಬಾಣಂತನಕ್ಕೆ ಅವ್ವನೇ ಬಿಡಕಿನ್‌ಗೆ ಬಂದಳು. ಎಂಟನೇ ತಿಂಗಳಲ್ಲಿ ಕೂತಲ್ಲಿ ಕೂರಲಾರದೆ ನಾನು ಬಾಣಂತಿ ಕೋಣೆಯ ಕಿಟಕಿ ಹಿಡಿದಿದ್ದೆ. ಊದಿನಕಡ್ಡಿ ಪರೀಕ್ಷೆ, ಸಿಲಿಕಾನ್, ಫೋಮ್ ಪಟ್ಟಿ, ಎಲ್ಲ ಆಯಿತು. ಅಷ್ಟಕ್ಕೂ ಸಮಾಧಾನವಾಗದೆ ಗಾಜಿನ ಮೇಲೆ ಬಬಲ್ ರ‍್ಯಾಪ್ ಅಂಟಿಸಿ, ಸ್ಲೈಡಿಂಗಿನ ಸುತ್ತ ಪ್ಯಾಕಿಂಗ್ ಟೇಪು ಸುತ್ತಿದೆ. ಬಚ್ಚಲಿನ ಕಡೆ ಇದ್ದ ಸಣ್ಣ ವೆಂಟಿಲೇಟರ್‌ಗೂ ರಟ್ಟು ಕತ್ತರಿಸಿ ಕೂರಿಸಿದೆ. ಆಮೇಲೆ ಊದಿನಕಡ್ಡಿ ಹಿಡಿದರೆ ಹೊಗೆ ದಾರದಂತೆ ನೆಟ್ಟಗೆ ಏರುತ್ತಿತ್ತು. ಫೋಟೋ ತೆಗೆದು ಗೆಳತಿಯರ ಗುಂಪಿಗೆ ಹಾಕಿದ್ದೆ.

ಅವ್ವ ಊರಿಂದ ಬರುವಾಗ ಖಾರ, ಉತ್ತತ್ತಿ, ಅಂಟಿನ ಸಾಮಾನಿನ ಜೊತೆ ಒಂದು ಶೇಗಡಿ, ಒಂದು ಚೀಲ ಇದ್ದಲಿ ತಂದಿದ್ದಳು. ನಮ್ಮ ಕಡೆ ಬಾಣಂತಿಯನ್ನೂ ಕೂಸನ್ನೂ ಎರೆದ ಮೇಲೆ ಕೆಂಡದಿಂದ ಕಾಸುತ್ತಾರೆ, ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಕಿವಿಗೆ ಅರಳೆ, ತಲೆಗೆ ಸ್ಕಾರ್ಫು, ಹೊರಸಿನ ಕೆಳಗೆ ಕೆಂಡ, ಮೇಲೆ ಒಂದು ಚಿಟಿಕೆ ಲೋಬಾನ. ಮೊದಲ ಹತ್ತು ದಿನ ಬೆಳಿಗ್ಗೆ ಅರ್ಧ ಗಂಟೆ ಕಾಸಿ ಅವ್ವ ಶೇಗಡಿಯನ್ನು ಬಾಲ್ಕನಿಗೆ ಒಯ್ಯುತ್ತಿದ್ದಳು. ಆ ಹೊತ್ತಿನಲ್ಲಿ ಕೋಣೆಯ ಬಾಗಿಲೂ ತೆರೆದಿರುತ್ತಿತ್ತು.

ಹನ್ನೊಂದನೇ ರಾತ್ರಿ ಚಳಿ ಬಹಳ ಇತ್ತು. ಅವ್ವ ಶೇಗಡಿ ಒಳಗೇ ಇಟ್ಟಳು. "ಹೊಗಿ ಎಲ್ಲೈತಿ, ಬರೇ ಕೆಂಡ ಅದಾವ. ಕೂಸಿಗೆ ಥಂಡಿ ಹತ್ತತೈತಿ" ಎಂದಳು. ನನಗೂ ಬೆಚ್ಚಗೆ ಹಿತವಾಗಿತ್ತು, ಬೇಡ ಎನ್ನಲಿಲ್ಲ. ಬಾಗಿಲ ಕೆಳಗಿನ ಸಂದಿಗೆ ಅವ್ವ ಒಂದು ಹಳೆಯ ಬಟ್ಟೆ ತುರುಕಿದಳು. ನಮ್ಮವರು ದೊಡ್ಡವನ ಜೊತೆ ಇನ್ನೊಂದು ಕೋಣೆಯಲ್ಲಿ.

ಬೆಳಿಗ್ಗೆ ಏಳಕ್ಕೆ ಕೂಸಿಗೆ ಎಣ್ಣೆ ಹಚ್ಚಿ ಎರೆಯಲು ಬರುವ ಮಾವಶಿ ಬೆಲ್ ಒತ್ತಿದರು. ನನಗೆ ಆ ಸದ್ದು ಎಲ್ಲೋ ದೂರದ ಮನೆಯದು ಅನ್ನಿಸಿತು. ತಲೆ ಸಿಡಿಯುತ್ತಿತ್ತು. ಅವ್ವ ಏಳಲು ಹೋಗಿ ಗೋಡೆ ಹಿಡಿದು ಕುಸಿದಳು, ವಾಂತಿ ಮಾಡಿಕೊಂಡಳು. ಕೂಸು ಅಳಲಿಲ್ಲ. ನಸುಕಿನಿಂದ ಹಾಲಿಗೂ ಎದ್ದಿರಲಿಲ್ಲ, ನಾನು "ಪಾಪ, ಒಳ್ಳೆ ನಿದ್ದೆ" ಎಂದುಕೊಂಡಿದ್ದೆ. ನಮ್ಮವರು ಬಾಗಿಲು ತೆಗೆದರು. ಮಾವಶಿ ಕೋಣೆಗೆ ಬಂದು ಒಂದು ಸಲ ಶೇಗಡಿ ನೋಡಿದರು, ಒಂದು ಸಲ ಕಿಟಕಿ. "ಆಧಿ ಖಿಡಕಿ ಉಘಡಾ!" ಎಂದು ಕೂಗಿದರು. ಮೊದಲು ಕಿಟಕಿ ತೆಗೆಯಿರಿ. ಕಿಟಕಿ ಜಗ್ಗಲಿಲ್ಲ. ನನ್ನ ಟೇಪು ಅಷ್ಟು ಗಟ್ಟಿ ಇತ್ತು. ಉಗುರಿನಿಂದ ಎಳೆದು, ಹರಿದು, ಬಬಲ್ ರ‍್ಯಾಪ್ ಸಮೇತ ಕಿತ್ತರು. ಕೂಸನ್ನು ಎತ್ತಿಕೊಂಡು ಸೀದಾ ಬಾಲ್ಕನಿಗೆ ಓಡಿದರು. ಅದು ಅತ್ತಿತು. ಆ ಅಳು ನನಗೆ ಈಗಲೂ ಕೇಳಿಸುತ್ತದೆ.

ಸಂಭಾಜಿನಗರದ ಆಸ್ಪತ್ರೆಗೆ ಹೋದೆವು. ಹೊರಡುವ ಮೊದಲು ನಮ್ಮವರು ಕೊರೊನಾ ಕಾಲದಲ್ಲಿ ತಂದಿಟ್ಟ ಆಕ್ಸಿಮೀಟರನ್ನು ನನ್ನ ಬೆರಳಿಗೆ ಹಾಕಿದ್ದರು, 98 ತೋರಿಸಿತ್ತು. "ಆಮ್ಲಜನಕ ಸರಿ ಇದೆ" ಎಂದರೆ ವೈದ್ಯೆ ತಲೆಯಾಡಿಸಿದರು. "ಮನೆಯಲ್ಲಿ ಇನ್ನಾರಿಗೆ ತಲೆನೋವು?" ಎಂದು ಕೇಳಿದರು. ಒಂದೇ ಕೋಣೆಯಲ್ಲಿ ಮಲಗಿದ್ದ ಮೂವರಿಗೂ ತೊಂದರೆ, ಪಕ್ಕದ ಕೋಣೆಯ ಇಬ್ಬರಿಗೆ ಏನೂ ಇಲ್ಲ. ಅಷ್ಟರಲ್ಲೇ ಅವರಿಗೆ ಗೊತ್ತಾಯಿತು. ರಕ್ತಪರೀಕ್ಷೆಯಲ್ಲಿ ಖಚಿತವಾಯಿತು, ಕಾರ್ಬನ್ ಮಾನಾಕ್ಸೈಡ್. ಮೂವರಿಗೂ ಆಮ್ಲಜನಕ ಕೊಟ್ಟರು. ಕೂಸನ್ನು ಎರಡು ದಿನ ಇಟ್ಟುಕೊಂಡರು. ಈಗ ಆ ಕೂಸು ಇಡೀ ಮನೆ ಓಡಾಡಿ ನನ್ನ ಮೀಟಿಂಗ್ ಕೆಡಿಸುತ್ತಾಳೆ, ಆರೋಗ್ಯವಾಗಿದ್ದಾಳೆ. ಮಾವಶಿ ಅವತ್ತು ಒಂದು ಗಂಟೆ ತಡವಾಗಿ ಬಂದಿದ್ದರೆ ನಾನು ಇಲ್ಲಿ ಮಾತಾಡುತ್ತಿರಲಿಲ್ಲ.

ಆಮೇಲೆ ಓದಿ ತಿಳಿದದ್ದನ್ನು ಚಿಕ್ಕದಾಗಿ ಹೇಳುತ್ತೇನೆ. ಇದ್ದಲಿ ನಿಗಿನಿಗಿ ಕೆಂಡವಾದಾಗ ಹೊಗೆ ಕಾಣುವುದಿಲ್ಲ, ಆದರೆ ಕಾರ್ಬನ್ ಮಾನಾಕ್ಸೈಡ್ ಬರುತ್ತಲೇ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಬೆರಳಿಗೆ ಹಾಕುವ ಸಾಮಾನ್ಯ ಆಕ್ಸಿಮೀಟರ್‌ಗೆ ಆ ಎರಡರ ವ್ಯತ್ಯಾಸ ತಿಳಿಯುವುದಿಲ್ಲ, ಅದಕ್ಕೇ ನನ್ನ 98. ತಲೆನೋವು, ವಾಕರಿಕೆ, ಮಂಪರು ಇದರ ಲಕ್ಷಣಗಳು. ಬಾಣಂತಿಗೆ ಇವು ಬಂದರೆ "ನಿದ್ದೆ ಇಲ್ಲ, ಸುಸ್ತು" ಎಂದುಕೊಳ್ಳುತ್ತೇವೆ. ಕೂಸಿಗೆ ಬಂದರೆ "ಮಲಗಿದೆ" ಎಂದುಕೊಳ್ಳುತ್ತೇವೆ.

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅವ್ವ ಒಂದೇ ಮಾತು ಹೇಳುತ್ತಿದ್ದಳು: "ನಿಮ್ಮನ್ನೂ ಹಿಂಗ ಕಾಸೇ ಬೆಳಸೀನಲ್ಲವಾ." ಸುಳ್ಳಲ್ಲ. ನನ್ನನ್ನೂ ನನ್ನ ತಮ್ಮನನ್ನೂ ಹೊರಸಿನ ಕೆಳಗೆ ಕೆಂಡ ಇಟ್ಟೇ ಕಾಸಿದ್ದು. ಆದರೆ ನಮ್ಮ ಊರ ಮನೆ ಮಣ್ಣಿನ ಮಾಳಿಗೆಯದು. ಮಾಳಿಗೆಯಲ್ಲಿ ಬೆಳಕಿಂಡಿ ಇತ್ತು. ಕದದ ಹಲಗೆಗಳ ನಡುವೆ ಬೆರಳು ತೂರುವಷ್ಟು ಸಂದಿತ್ತು. ಬಿಸಿ ಗಾಳಿ ಮೇಲಿನಿಂದ ಹೋಗುತ್ತಿತ್ತು, ಹೊಸ ಗಾಳಿ ಕೆಳಗಿನಿಂದ ಬರುತ್ತಿತ್ತು. ಹಾಗೆಂದು ಹಿಂದೆ ಏನೂ ಆಗುತ್ತಿರಲಿಲ್ಲ ಎಂದು ನಾನು ಹೇಳಲಾರೆ. ಆದಾಗ ಕಾರಣ ತಿಳಿಯದೆ "ಗಾಳಿ ಸೋಕಿತು" ಎಂದಿರಬಹುದು.

ಅವ್ವನಿಗೆ ಕೆಂಡ ಗೊತ್ತಿತ್ತು, ನನ್ನ ಸೀಲೆಂಟ್ ಗೊತ್ತಿರಲಿಲ್ಲ. ನನಗೆ ಸೀಲೆಂಟ್ ಗೊತ್ತಿತ್ತು, ಕೆಂಡದ ವಿಚಾರ ತಲೆಗೇ ಬರಲಿಲ್ಲ, ಅದೂ ಶಾಲೆಯಲ್ಲಿ ರಸಾಯನಶಾಸ್ತ್ರಕ್ಕೆ ಬಹುಮಾನ ತಗೊಂಡವಳಿಗೆ.

ನೋಡಲು ಬಂದ ನೆಂಟರೆಲ್ಲ ಅವ್ವನನ್ನೇ ಅಂದರು. "ಮಗಳು ಅಷ್ಟು ಓದಿದಾಳ, ನೀವು ಇನ್ನೂ ಹಳೀ ಪದ್ಧತಿ ಬಿಟ್ಟಿಲ್ಲ" ಎಂದರು. ಅವ್ವ ತಲೆ ತಗ್ಗಿಸಿ ಕೂತಿರುತ್ತಿದ್ದಳು. ನಾನು ಕಿಟಕಿಯ ವಿಷಯ ಬಾಯಿ ಬಿಡಲಿಲ್ಲ. ವೆಂಟಿಲೇಟರ್‌ನ ರಟ್ಟನ್ನು ಯಾರೂ ನೋಡದಂತೆ ತೆಗೆದು ಮಡಚಿ ಕಸಕ್ಕೆ ಹಾಕಿದೆ. ಇದನ್ನು ಹೇಳಲು ಈಗಲೂ ನಾಚಿಕೆ. ಅವ್ವ ಮೂರು ತಿಂಗಳಿಗೆ ಬಂದವಳು ಒಂದೂವರೆ ತಿಂಗಳಿಗೆ ಊರಿಗೆ ಹೋದಳು.

ಅವಳಿಗೆ ನಿಜ ಹೇಳಲು ನನಗೆ ಒಂದು ವರ್ಷ ಬೇಕಾಯಿತು. ದೀಪಾವಳಿಗೆ ಊರಿಗೆ ಹೋದಾಗ, ಮಾಳಿಗೆ ಮೇಲೆ ಮೆಣಸಿನಕಾಯಿ ತಿರುವುತ್ತ, "ಅವ್ವಾ, ಕಿಟಕಿ ಪೂರಾ ಬಂದ್ ಮಾಡಿದಾಕಿ ನಾನು. ತಪ್ಪು ನಂದೂ ಐತಿ" ಎಂದೆ. ಅವಳು ಕೈ ನಿಲ್ಲಿಸಲಿಲ್ಲ. "ನನಗ ಗೊತ್ತಿತ್ತು. ಬಾಗಲಕ್ಕ ಅರಬಿ ತುರುಕಿದಾಕಿ ನಾನು. ಇಬ್ಬರೂ ಕೂಡೇ ಮುಚ್ಚೀವಿ" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಮಂದಿ ಮುಂದ ಅವತ್ತ ಒಂದ ಮಾತ ಅನ್ನಬೇಕಿತ್ತ ನೀ" ಎಂದಳು. ಇವತ್ತು ನಿಮ್ಮೆಲ್ಲರ ಮುಂದೆ ಆ ಮಾತು ಅನ್ನುತ್ತಿದ್ದೇನೆ.

ಹಾಗಾದರೆ ಏನು ಮಾಡಬೇಕು? ಚಳಿಗೆ ಕಿಟಕಿ ಮುಚ್ಚಬೇಡಿ ಎಂದು ನಾನು ಹೇಳುತ್ತಿಲ್ಲ. ಮುಚ್ಚುವ ಮೊದಲು ಮನೆಯೊಳಗೆ ಏನು ಉರಿಯುತ್ತದೆ ಎಂದು ಒಂದು ಸುತ್ತು ಹಾಕಿ ನೋಡಿ ಎನ್ನುತ್ತಿದ್ದೇನೆ. ಇದ್ದಲಿ, ಕುಳ್ಳು, ಕಟ್ಟಿಗೆ, ಗ್ಯಾಸ್, ಯಾವುದೇ ಇರಲಿ, ಉರಿಯುವುದಕ್ಕೆ ಗಾಳಿ ಬೇಕು, ಉರಿದದ್ದು ಹೊರಗೆ ಹೋಗಬೇಕು.

ಮಲಗುವ ಕೋಣೆಗೆ ಕೆಂಡ ಬೇಡವೇ ಬೇಡ. "ಎರಡು ಬೆರಳು ಕಿಟಕಿ ತೆರೆದಿಡ್ತೀವಿ" ಎನ್ನುವ ರಾಜಿಯೂ ಬೇಡ, ಅಷ್ಟು ಸಂದು ಕೆಂಡಕ್ಕೆ ಸಾಲದು. ಕಾಸುವ ಪದ್ಧತಿ ಮನೆಯ ಹಿರಿಯರಿಗೆ ಮುಖ್ಯವಾಗಿದ್ದರೆ ಅವರ ಮನಸ್ಸು ನೋಯಿಸದೆ ದಾರಿ ಹುಡುಕಬಹುದು. ಹಗಲು ಬಿಸಿಲು ಕಾಸಲಿ. ಕೋಣೆಗೆ ಎಣ್ಣೆ ತುಂಬಿದ ಎಲೆಕ್ಟ್ರಿಕ್ ಹೀಟರ್ ಇಡಿ, ಅದರಲ್ಲಿ ಏನೂ ಉರಿಯುವುದಿಲ್ಲ. ಕೂಸಿಗೆ ಟೊಪ್ಪಿಗೆ, ಕಾಲುಚೀಲ, ಮತ್ತು ತಾಯಿಯ ಎದೆಗೆ ಮೈಗೆ ಮೈ ತಾಗುವಂತೆ ಅಪ್ಪಿಕೊಳ್ಳುವುದು. ಕೂಸನ್ನು ಬೆಚ್ಚಗಿಡಲು ವೈದ್ಯರು ಮೊದಲು ಹೇಳುವುದೂ ಅದನ್ನೇ.

ಬಚ್ಚಲಿನಲ್ಲಿ ಗ್ಯಾಸ್ ಗೀಜರ್ ಇದ್ದವರು ಇನ್ನೂ ಎಚ್ಚರವಾಗಿರಿ. ಚಳಿಗೆ ವೆಂಟಿಲೇಟರ್ ಮುಚ್ಚಿ ಬಿಸಿನೀರು ಬಿಟ್ಟುಕೊಂಡು ಸ್ನಾನಕ್ಕೆ ನಿಂತವರು ಅಲ್ಲೇ ಬಿದ್ದ ಸುದ್ದಿ ನೀವೂ ಓದಿರುತ್ತೀರಿ. ಗೀಜರ್ ಬಚ್ಚಲಿನ ಹೊರಗೆ, ಬಯಲು ಗಾಳಿಗೆ ಇರಲಿ. ವೆಂಟಿಲೇಟರ್‌ಗೆ ರಟ್ಟು, ಪ್ಲಾಸ್ಟಿಕ್ ಯಾವುದೂ ಬೇಡ.

ಏನೂ ಉರಿಯದ ಕೋಣೆಗೂ ಸ್ವಲ್ಪ ಗಾಳಿ ಬೇಕು. ಬೆಳಿಗ್ಗೆ ಗಾಜಿನ ಒಳಬದಿಗೆ ನೀರು ಹನಿಗಟ್ಟಿದ್ದರೆ ಅದು ನಿಮ್ಮದೇ ಉಸಿರಿನ ತೇವ. ಕೋಣೆ ಉಸಿರಾಡುತ್ತಿಲ್ಲ ಎಂದು ಹೇಳುತ್ತಿದೆ. ಗಾಳಿ ಬೀಸದ ಕಡೆಯ ಕಿಟಕಿಯನ್ನು ಎರಡು ಬೆರಳಷ್ಟು ಬಿಡಿ. ಯಾವ ಕಿಟಕಿಗೂ ಟೇಪು ಸುತ್ತಬೇಡಿ. ಕತ್ತಲಲ್ಲಿ, ತಲೆ ತಿರುಗುತ್ತಿದ್ದರೂ, ಒಂದೇ ಕೈಯಲ್ಲಿ ತೆರೆಯುವಂತಿರಲಿ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಎಂದು ಸಣ್ಣ ಯಂತ್ರ ಸಿಗುತ್ತದೆ. ಹೊಗೆಯ ಅಲಾರಂ ಬೇರೆ, ಇದು ಬೇರೆ, ನೋಡಿ ತಗೊಳ್ಳಿ. ಮನೆಯಲ್ಲಿ ಇಬ್ಬರಿಗೆ ಒಟ್ಟಿಗೇ ತಲೆನೋವು, ಮಂಪರು ಬಂದರೆ ಮಾತ್ರೆ ಹುಡುಕಬೇಡಿ. ಕಿಟಕಿ ತೆರೆಯಿರಿ, ಹೊರಗೆ ಬನ್ನಿ, 108ಕ್ಕೆ ಫೋನ್ ಮಾಡಿ.

ನಮ್ಮ ಹಿರಿಯರು ಗಾಳಿ ಹಾಯುವ ದಾರಿಗೆ ವಾತಾಯನ ಎಂದರು. ಇಂಗ್ಲಿಷಿನ ವಿಂಡೋ ಕೂಡ ಹಳೆಯ ನಾರ್ಸ್ ಭಾಷೆಯ 'ಗಾಳಿಯ ಕಣ್ಣು' ಎನ್ನುವ ಮಾತಿನಿಂದ ಬಂದದ್ದು. ದಿನವಿಡೀ ವಿಂಡೋ ತೆರೆದು ಮುಚ್ಚುವ ಕೆಲಸದವಳು ನಾನು, ಆ ಹೆಸರಿನ ಅರ್ಥವನ್ನೇ ಮರೆತಿದ್ದೆ.

ಈ ವರ್ಷ ಅವ್ವ ಮತ್ತೆ ಬಂದಿದ್ದಾಳೆ. ಶೇಗಡಿ ತಂದಿಲ್ಲ, ಕಿಟಕಿಯ ಅಳತೆಗೆ ಹೊಲಿದ ಹೊಸ ಕೌದಿ ತಂದಿದ್ದಾಳೆ. ಕೆಳಗಿನ ಅಂಚಿನಲ್ಲಿ ಭಾರಕ್ಕೆಂದು ಹಳೆಯ ನಾಣ್ಯಗಳನ್ನಿಟ್ಟು ಹೊಲಿದಿದ್ದಾಳೆ. ನಾನು ಹೇಳಿಕೊಟ್ಟದ್ದಲ್ಲ. ಸಂಜೆ ಅವಳೇ ಇಳಿಬಿಡುತ್ತಾಳೆ, ರಾತ್ರಿ ಮಲಗುವ ಮೊದಲು ಎದ್ದು ಹೋಗಿ ಆ ಎರಡು ಬೆರಳಿನ ಸಂದು ಇದೆಯೋ ಇಲ್ಲವೋ ಎಂದು ಕೈಯಿಟ್ಟು ನೋಡಿ ಬರುತ್ತಾಳೆ. ಅವಳು ಮಲಗಿದ ಮೇಲೆ ನಾನೂ ಒಂದು ಸಲ ಎದ್ದು ನೋಡುತ್ತೇನೆ.

ಇವತ್ತು ರಾತ್ರಿ ನೀವೂ ಒಂದು ಸಲ ನೋಡಿ.